ಜಾಹೀರಾತು ಮಾಡಿ ಬದುಕಿದವರ ಸಾಕ್ಷ್ಯಚಿತ್ರವನ್ನು ನಂಬಬಹುದೇ?

ಅಮೆರಿಕದ ಆಲ್ಬರ್ಟ್ ಮತ್ತು ಡೇವಿಡ್ ಮೇಸಲ್ಸ್ ಸಹೋದರರ ಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕಂಪನಿಗಳಿಗೆ ಜಾಹೀರಾತು ಮಾಡಿಕೊಟ್ಟು ಹಣ ಪಡೆದವರು ಸಂಗೀತಗಾರರ ಕುರಿತ ಸಾಕ್ಷ್ಯಚಿತ್ರಗಳಲ್ಲಿ ಮಾತ್ರ ನಿಜವನ್ನೇ ತೋರಿಸಿದ್ದಾರೆಂದು ನಂಬುವುದು ಹೇಗೆ? ನಂಬಬಹುದು ಎಂಬುದೇ ನನ್ನ ಉತ್ತರ. ಆ ಜಾಹೀರಾತಿನ ಸಂಪಾದನೆ ಇಲ್ಲದಿದ್ದರೆ ಅವರ ಒಳ್ಳೆಯ ಚಿತ್ರಗಳಲ್ಲಿ ಕೆಲವು ಹುಟ್ಟುತ್ತಲೇ ಇರಲಿಲ್ಲ.

ಮನಶ್ಶಾಸ್ತ್ರ ಬೋಧಿಸುತ್ತಿದ್ದ ಆಲ್ಬರ್ಟ್ ಕ್ಯಾಮೆರಾ ಹಿಡಿದರು. ಹಾಲಿವುಡ್‌ನಲ್ಲಿ ಸಹಾಯಕರಾಗಿ ದುಡಿದಿದ್ದ ತಮ್ಮ ಡೇವಿಡ್ ಧ್ವನಿಮುದ್ರಣ ನೋಡಿಕೊಂಡರು. 1962ರಲ್ಲಿ ಸ್ವಂತ ಸಂಸ್ಥೆ ಕಟ್ಟಿ, ಐಬಿಎಂನಂಥ ಕಂಪನಿಗಳಿಗೆ ಕೆಲಸ ಮಾಡಿಕೊಟ್ಟರು. ಮನೆಮನೆಗೆ ಹೋಗಿ ಬೈಬಲ್ ಮಾರುವವರ ಕುರಿತ ‘ಸೇಲ್ಸ್‌ಮನ್’ ಚಿತ್ರವನ್ನು ಹೀಗೆ ದುಡಿದ ಹಣದಿಂದಲೇ ಮಾಡಿದರು. ಹಣ ಹೂಡಿದ ಧಣಿ ಯಾರೂ ಇರಲಿಲ್ಲವಾದ್ದರಿಂದ, ಇದನ್ನು ತೆಗೆಯಿರಿ, ಅದನ್ನು ಸೇರಿಸಿರಿ ಎನ್ನುವವರೂ ಇರಲಿಲ್ಲ.

ಇಬ್ಬರೇ ಇದ್ದದ್ದು ಕೂಡ ಅವರ ಬಲವಾಗಿತ್ತು. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಸಂಗೀತ ತಂಡ ನ್ಯೂಯಾರ್ಕ್‌ಗೆ ಬಂದಿಳಿದಾಗ, ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ ಕೋರಿಕೆಯ ಮೇಲೆ ಈ ಸಹೋದರರು ಕಾರು, ಹೋಟೆಲು, ರೈಲು ಎನ್ನದೆ ಅವರ ಜೊತೆಗೇ ಸಾಗಿದರು. ಎಡ್ ಸಲಿವನ್ ಕಾರ್ಯಕ್ರಮದ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಅವಕಾಶ ಸಿಗದೇ ಹೋದಾಗ, ನಗರದ ಒಂದು ಮನೆಯೊಳಗೆ ಹೋಗಿ, ಅದೇ ಕಾರ್ಯಕ್ರಮವನ್ನು ಟಿವಿಯಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ ಹುಡುಗಿಯರನ್ನು ಸೆರೆಹಿಡಿದರು. ವೇದಿಕೆಯ ಯಾವ ದೃಶ್ಯಕ್ಕಿಂತಲೂ ಆ ಮುಖಗಳೇ ಹೆಚ್ಚು ಹೇಳುತ್ತವೆ ಎಂದು ನನಗನಿಸುತ್ತದೆ.

ನಿಜವಾದ ಪರೀಕ್ಷೆ ಎದುರಾದದ್ದು ಷಾರ್ಲಟ್ ಜ್ವೆರಿನ್ ಜೊತೆಗೂಡಿ ನಿರ್ದೇಶಿಸಿದ ‘ಗಿಮ್ಮಿ ಶೆಲ್ಟರ್’ (1970) ಚಿತ್ರದಲ್ಲಿ. ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡದ ಒಪ್ಪಿಗೆಯಿಂದಲೇ ಆರಂಭವಾದ ಈ ಚಿತ್ರ, ಮಾಮೂಲಿ ಪ್ರಚಾರಚಿತ್ರವಾಗಿ ಮುಗಿಯಬಹುದಿತ್ತು. ಆದರೆ 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ನಡೆದ ಈ ತಂಡದ ಉಚಿತ ಸಂಗೀತ ಕಛೇರಿಯಲ್ಲಿ, ವೇದಿಕೆಯ ಕಾವಲಿಗಿದ್ದ ಹೆಲ್ಸ್ ಏಂಜಲ್ಸ್ ಎಂಬ ಬೈಕ್ ಸವಾರರ ಗುಂಪಿನವನೊಬ್ಬ ಹದಿನೆಂಟರ ಹರೆಯದ ಮೆರೆಡಿತ್ ಹಂಟರ್‌ನನ್ನು ಇರಿದು ಕೊಂದ. ಸಂಕಲನದ ಮೇಜಿನ ಮುಂದೆ ತಂಡದ ಗಾಯಕ ಮಿಕ್ ಜಾಗರ್ ಅವರನ್ನು ಕೂರಿಸಿ, ಡೇವಿಡ್ ಆ ತುಣುಕನ್ನು ಹಿಂದಕ್ಕೋಡಿಸಿ ನಿಧಾನವಾಗಿ ತೋರಿಸುತ್ತಾರೆ. ಗೆಳತಿಯ ಹೆಣಿಗೆಯ ಉಡುಪಿನ ಮುಂದೆ ಹಂಟರ್ ಕೈಯಲ್ಲಿದ್ದ ಪಿಸ್ತೂಲು ಕಪ್ಪಗೆ ಕಾಣುತ್ತದೆ. ಮರುಕ್ಷಣ ಚಾಕು ಮೇಲೇಳುತ್ತದೆ. ಜಾಗರ್ ನೋಡುತ್ತಿರುವುದನ್ನು ನಾವು ನೋಡುತ್ತೇವೆ. ಗಿರಾಕಿಯನ್ನು ಮೆಚ್ಚಿಸಲು ಹೊರಟವರು ಇಂಥ ದೃಶ್ಯವನ್ನು ಚಿತ್ರದಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ.

ಆಲ್ಟಮಾಂಟ್ ಕಛೇರಿಯೇ ಕ್ಯಾಮೆರಾಕ್ಕಾಗಿ ಏರ್ಪಾಡಾಗಿತ್ತು ಎಂಬರ್ಥದಲ್ಲಿ ವಿಮರ್ಶಕಿ ಪಾಲಿನ್ ಕೇಲ್ ಬರೆದರು. ಸಹೋದರರು ಅದನ್ನು ಬಲವಾಗಿ ಅಲ್ಲಗಳೆದರು. ಅವರ ಮಾತೇ ನನಗೆ ಒಪ್ಪಿಗೆ.

ನನ್ನ ತಕರಾರು ಬೇರೆಯೇ. ಹಂಟರ್ ಎಂಥ ಹುಡುಗ, ಯಾವ ಮನೆಯವನು ಎಂಬುದು ಚಿತ್ರ ನೋಡಿದವರಿಗೆ ತಿಳಿಯುವುದೇ ಇಲ್ಲ. ಅಳುತ್ತಿರುವ ಗೆಳತಿ ಸ್ವಲ್ಪ ಹೊತ್ತು ಕಾಣಿಸುತ್ತಾಳೆ, ಅನಂತರ ಚಿತ್ರ ಜಾಗರ್ ಅವರತ್ತಲೇ ಹೊರಳುತ್ತದೆ. ಜಾಹೀರಾತಿನ ಬದಲು ಇದರ ಬಗ್ಗೆ ಯಾರಾದರೂ ಕೇಳಿದರೆ, ಸಹೋದರರ ಪರವಾಗಿ ವಾದಿಸಲು ನಾನು ಮುಂದಾಗುವುದಿಲ್ಲ.