ಓದಲು ತಡವರಿಸುವ ಮಕ್ಕಳಿಗೆ ಕಂಪ್ಯೂಟರ್: ಮೊದಲು ಮಗು ಓದಲಿ, ಆಮೇಲೆ ಯಂತ್ರ

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಗೆ ಕೊರತೆಯಿಲ್ಲದಿದ್ದರೂ ಅಕ್ಷರ ಕೂಡಿಸಿ ಓದಲು ಕಷ್ಟವಾಗುವ ತೊಂದರೆ, ಇರುವ ಮಕ್ಕಳಿಗೆ ಕಂಪ್ಯೂಟರ್‌ನಿಂದ ಎರಡು ಬೇರೆ ಬೇರೆ ಉಪಯೋಗಗಳಿವೆ. ಒಂದು, ವಿಜ್ಞಾನ, ಸಮಾಜದ ಪಾಠಗಳನ್ನು ಅದು ಓದಿ ಹೇಳುವುದು. ಅಕ್ಷರ ಕೂಡಿಬರುತ್ತಿಲ್ಲ ಎಂಬ ಕಾರಣಕ್ಕೆ ಮಗು ವಿಷಯದಲ್ಲೂ ಹಿಂದೆ ಬೀಳಬಾರದಲ್ಲ. ಇನ್ನೊಂದು, ಓದುವುದನ್ನೇ ಕಲಿಸುವುದು. ಇವೆರಡನ್ನೂ ಒಂದೇ ಅವಧಿಯಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಯಂತ್ರ ಮೊದಲು ಓದಿತೆಂದರೆ ಮಗು ಕೇಳಿದ್ದನ್ನೇ ಬಾಯಿಪಾಠ ಒಪ್ಪಿಸುತ್ತದೆ, ಕಣ್ಣು ಅಕ್ಷರದ ಮೇಲೆ ಇರುವುದೇ ಇಲ್ಲ. ಅನುಮಾನ ಬಂದರೆ ಅವೇ ವಾಕ್ಯಗಳನ್ನು ಹಿಂದು ಮುಂದು ಮಾಡಿ ತೋರಿಸಿ. ಹಳೆಯ ಕ್ರಮದಲ್ಲೇ ಹೇಳುತ್ತಾ ಹೋದರೆ ಅದು ಓದಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ತಂತ್ರಾಂಶ ತೆರೆಯುವ ಮುಂಚೆಯೇ ಮಾಡಿಕೊಳ್ಳಬೇಕಾದ ವಿಂಗಡಣೆ ಒಂದಿದೆ. ಖಾನಾಪುರ, ನಿಪ್ಪಾಣಿ ಕಡೆ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಮರಾಠಿಯಲ್ಲಿ ಎ–ಏ, ಒ–ಓ ಎಂದು ಹ್ರಸ್ವ-ದೀರ್ಘದ ಭೇದವಿಲ್ಲ. ಹಾಗಾಗಿ ಆ ಮಗು ‘ಬೆಳೆ’ಯನ್ನೂ ‘ಬೇಳೆ’ಯನ್ನೂ ಒಂದೇ ತೆರನಾಗಿ ಓದುತ್ತದೆ, ‘ಕೊಡು’ ಹೋಗಿ ‘ಕೋಡು’ ಆಗುತ್ತದೆ. ತಪ್ಪೆಲ್ಲ ಈ ನಾಲ್ಕು ಸ್ವರಗಳಲ್ಲೇ ಇದ್ದರೆ ಅದು ಕಿವಿಗೆ ಅಭ್ಯಾಸವಿಲ್ಲದ ಮಾತು, ಡಿಸ್ಲೆಕ್ಸಿಯಾ ಅಲ್ಲ. ಗೋಕಾಕ, ಸವದತ್ತಿ ಕಡೆಯ ಮಗು ‘ಇದೆ’ ಎಂದು ಬರೆದದ್ದನ್ನು ‘ಐತಿ’ ಎಂದು ಓದಿದರೆ ಅದಕ್ಕೆ ಅರ್ಥವಾಗಿದೆ ಎಂದಾಯಿತು. ಅಕ್ಷರ ನೋಡಿ ಹೇಳಿತೋ ಊಹಿಸಿತೋ ತಿಳಿಯಬೇಕಿದ್ದರೆ ಅದೇ ಪದವನ್ನು ಬಿಡಿಯಾಗಿ ತೋರಿಸಿ. ಕಣ್ಣು, ಕಿವಿಯ ತಪಾಸಣೆ ಆಗಿರಲೇಬೇಕು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷಾ ಸಾಮಗ್ರಿ ಕನ್ನಡ, ಮರಾಠಿ ಎರಡರಲ್ಲೂ ಇರುವುದರಿಂದ ಗಡಿ ಭಾಗಕ್ಕೆ ಅದು ಹೇಳಿ ಮಾಡಿಸಿದಂತಿದೆ. ಅದರ ಪ್ರಾಥಮಿಕ ತಪಾಸಣೆಯನ್ನು ಶಿಕ್ಷಕರೇ ಮಾಡಬಹುದು, ನಿರ್ಣಯ ಮಾತ್ರ ಮನಶ್ಶಾಸ್ತ್ರಜ್ಞರದು. ಒಂದನೆ, ಎರಡನೆ ತರಗತಿಯಲ್ಲೇ ಹಣೆಪಟ್ಟಿ ಹಚ್ಚಲು ಅವಸರ ಬೇಡ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದಲ್ಲಿ ನೂರಾರು ಅಕ್ಷರರೂಪಗಳಿವೆ. ಅವು ಪೂರ್ತಿ ಕೈವಶವಾಗಲು ಸಾಮಾನ್ಯ ಮಗುವಿಗೂ ನಾಲ್ಕನೆ ತರಗತಿ ದಾಟುತ್ತದೆ ಎಂಬುದನ್ನು ಓದು ಕಲಿಕೆಯ ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ.

ಇನ್ನು ಪಠ್ಯ. ಹೆಚ್ಚು ಕೈಕೊಡುವುದು ಇಲ್ಲೇ. ಶಾಲೆಯಲ್ಲಿರುವ ಹಳೆಯ ಕಡತಗಳು ಬಹಳಷ್ಟು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುತ್ತವೆ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವೇ ಕಂಡರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ತಿಳಿಯುವ ಅಕ್ಷರ ಸಂಕೇತ, ಕೆಲಸಕ್ಕೆ ಬರುತ್ತದೆ. ಚಿಹ್ನೆಗಳು ಕಂಡರೆ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪುಟದ ಫೋಟೊ ಮಾತ್ರ ಇದ್ದರೆ ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳು ಸಿಗುತ್ತವೆ. ಆದರೆ ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿರುತ್ತವೆ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲೂ ತಾಳೆ ನೋಡಬೇಕು. ತಪ್ಪು ಅಕ್ಷರವನ್ನು ಈ ಮಕ್ಕಳ ಮುಂದೆ ಇಡುವಂತಿಲ್ಲ. ಹೊಸ ಕಥೆ ಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಹಂತವಾರು ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಸಾಲುಗಳನ್ನು ಒಡೆದು ಬಳಸಿಕೊಳ್ಳಲು ತೊಂದರೆಯಿಲ್ಲ.

ಡಿಸ್ಲೆಕ್ಸಿಯಾ ಇರುವವರಿಗೆಂದೇ ರೂಪಿಸಿದ ಓಪನ್‌ಡಿಸ್ಲೆಕ್ಸಿಕ್ ಫಾಂಟ್ ಹಾಕಿಕೊಳ್ಳಿ ಎಂದು ಸಲಹೆ ಕೊಡುವವರಿದ್ದಾರೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಕಂಪ್ಯೂಟರ್ ಸದ್ದಿಲ್ಲದೆ ಬೇರೆ ಫಾಂಟ್ ತೋರಿಸುತ್ತದೆ. ನೋಟೊ ಸಾನ್ಸ್ ಕನ್ನಡ ಅಥವಾ ವಿಂಡೋಸ್‌ನ ನಿರ್ಮಲಾ ಸಾಕು. ಗಾತ್ರ 36, ಸಾಲಿನ ಅಂತರ ಎರಡರಷ್ಟು. ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮಗುವಿಗೆ ಯಾವುದು ಯಾರದ್ದು ತಿಳಿಯುವುದಿಲ್ಲ. ಸಣ್ಣ ಗಾತ್ರದಲ್ಲಿ ‘ಬೆ’ ಮತ್ತು ‘ಬೇ’ ನಡುವಿನ ದೀರ್ಘದ ಚಿಹ್ನೆ ಪಕ್ಕದ ಅಕ್ಷರದಲ್ಲಿ ಕರಗಿಹೋಗುತ್ತದೆ.

ಒತ್ತಕ್ಷರಕ್ಕೆ ಒಂದು ಉಪಾಯವಿದೆ. ‘ಸೂರ್ಯ’ದಲ್ಲಿ ನಾಲಿಗೆ ಮೊದಲು ಹೇಳುವುದು ‘ರ್’, ಬರಹದಲ್ಲಿ ಅದು ಬರುವುದು ‘ಯ’ದ ಆಚೆ. ಅದಕ್ಕೇ ಎಷ್ಟೋ ಮಕ್ಕಳು ‘ಸೂಯ್ರ’ ಎನ್ನುತ್ತಾರೆ. ವರ್ಡ್‌ನಲ್ಲಿ ‘ಸೂರ್’ ಎಂದು ಟೈಪ್ ಮಾಡಿ, ಇಂಗ್ಲಿಷ್ ಕೀಲಿಗಳಿಂದ 200ಸಿ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಕಣ್ಣಿಗೆ ಕಾಣದ ಒಂದು ತಡೆ ಸೇರುತ್ತದೆ. ಆಮೇಲೆ ‘ಯ’ ಹಾಕಿದರೆ ‘ಸೂರ್‌ಯ’ ಎಂದು ಬಿಡಿಸಿಯೇ ನಿಲ್ಲುತ್ತದೆ. ಇದನ್ನು ನಕಲಿಸಿ ಪವರ್‌ಪಾಯಿಂಟ್‌ನ ಮೊದಲ ಸ್ಲೈಡ್‌ನಲ್ಲಿಡಿ, ಎರಡನೆಯದರಲ್ಲಿ ‘ಸೂರ್ಯ’. ಎರಡರ ನಡುವೆ ಹಿಂದಕ್ಕೂ ಮುಂದಕ್ಕೂ ಹೋದಂತೆ ‘ರ್’ ಎಲ್ಲಿಗೆ ಜಿಗಿಯಿತು ಎಂಬುದು ಮಗುವಿನ ಕಣ್ಣೆದುರೇ ನಡೆಯುತ್ತದೆ. ‘ಹತ್‌ತು – ಹತ್ತು’ ಕೂಡ ಹೀಗೆಯೇ. ಬಣ್ಣ ಹಚ್ಚುವುದಾದರೆ ಇಡೀ ಅಕ್ಷರಕ್ಕೆ ಹಚ್ಚಿ. ಒತ್ತಿಗೆ ಮಾತ್ರ ಹಚ್ಚಲು ಹೋದರೆ ಅಕ್ಷರದ ಆಕಾರ ಒಡೆಯಬಹುದು.

ದನಿಯ ವಿಷಯ. ಎಡ್ಜ್ ಬ್ರೌಸರ್‌ನ ರೀಡ್ ಅಲೌಡ್‌ನಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ದನಿಗಳಿವೆ. ಚೆನ್ನಾಗಿವೆ, ಓದುವ ಪದವನ್ನು ಗುರುತಿಸಿ ತೋರಿಸುತ್ತವೆ, ಆದರೆ ನೆಟ್ ಬೇಕು. ನೆಟ್ ಇಲ್ಲದೆಯೂ ಪಠ್ಯ ಓದಿ ಹೇಳುವ ತಂತ್ರಾಂಶ ಇಸ್ಪೀಕ್‌ನ ದನಿ ಯಾಂತ್ರಿಕ. ‘ದ’ ‘ಧ’ ವ್ಯತ್ಯಾಸ ಮಕ್ಕಳ ಕಿವಿಗೆ ದಕ್ಕುವುದಿಲ್ಲ, ಓದು ಕಲಿಸಲು ಅದು ಬೇಡವೇ ಬೇಡ. ಪಾಠ ಕೇಳಿಸಲು ಎಡ್ಜ್ ಇಟ್ಟುಕೊಳ್ಳಿ. ಓದಿನ ಅಭ್ಯಾಸಕ್ಕೆ ಶಿಕ್ಷಕರ ದನಿಯೇ ಮೇಲು. ಕೋಣೆಯ ಫ್ಯಾನ್ ಬಂದ್ ಮಾಡಿ, ಆಡಾಸಿಟಿ ಎಂಬ ದನಿಮುದ್ರಣ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ, ಪ್ರತಿ ವಾಕ್ಯದ ಬಳಿ ಕಂಟ್ರೋಲ್ ಬಿ ಒತ್ತಿ ಲೇಬಲ್ ಹಾಕಿ. ಆ ಲೇಬಲ್‌ಗಳ ಪ್ರಕಾರ ಒಂದೇ ಸಲಕ್ಕೆ ಬೇರೆ ಬೇರೆ ಕಡತಗಳಾಗಿ ಹೊರಗೆ ತೆಗೆಯಬಹುದು. ಚೇಂಜ್ ಟೆಂಪೊದಲ್ಲಿ ವೇಗವನ್ನು ಶೇ. 15ರಷ್ಟು ತಗ್ಗಿಸಿದರೆ ಸ್ವರ ಕೆಡದೆ ನಿಧಾನವಾಗುತ್ತದೆ. ಅದಕ್ಕಿಂತ ಬಹಳ ತಗ್ಗಿಸಿದರೆ ಹ್ರಸ್ವವೂ ದೀರ್ಘದಂತೆ ಕೇಳಿ ಬೆಳೆ-ಬೇಳೆ ಗೊಂದಲ ಮತ್ತೆ ಶುರುವಾಗುತ್ತದೆ. ಖಾನಾಪುರದ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಸ್ಪೀಕರ್ ನಡೆಯುವುದಿಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಎರಡು, ಒಂದು ಸ್ಪ್ಲಿಟರ್ ಇರಲಿ. ಮಗು ಕೇಳುವುದನ್ನು ಶಿಕ್ಷಕರೂ ಕೇಳುತ್ತಿರಬೇಕು.

ಒಂದು ಸ್ಲೈಡ್‌ಗೆ ಮೂರು ನಾಲ್ಕು ಪದಗಳ ಒಂದೇ ವಾಕ್ಯ, ಜೊತೆಗೆ ಅದರ ದನಿಯ ಕಡತ. ಮಗು ಬೆರಳಿಟ್ಟು ಓದಲಿ. ತಡವರಿಸಿದರೆ ಐದು ಸೆಕೆಂಡು ಕಾಯಿರಿ, ಆಮೇಲೆ ದನಿ ಒತ್ತಿ. ಕೇಳಿದ ಮೇಲೆ ಮಗು ಮತ್ತೆ ತಾನೇ ಓದಬೇಕು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ದಿನಕ್ಕೆ 15 ನಿಮಿಷ, ಹತ್ತು ಸ್ಲೈಡ್ ಮೀರಬೇಡಿ. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದಕ್ಕಿಂತ ಇದು ಎಷ್ಟೋ ವಾಸಿ. ಮಗುವಿನ ಓದನ್ನು ಮೊಬೈಲ್‌ನ ಧ್ವನಿ ಟೈಪಿಂಗ್‌ನಿಂದ ಅಳೆಯಬೇಡಿ. ನಮ್ಮ ಕಡೆಯ ಉಚ್ಚಾರ ಅದಕ್ಕೆ ಹಿಡಿಯುವುದಿಲ್ಲ, ಸರಿಯಾಗಿ ಓದಿದ ಮಗುವಿಗೂ ತಪ್ಪು ಎನ್ನುತ್ತದೆ. ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಸಾಕು: ದೀರ್ಘ, ಒತ್ತು, ಅಕ್ಷರ ಬದಲು, ಬಿಟ್ಟದ್ದು. ಯಾವ ಕಾಲಂ ತುಂಬುತ್ತದೋ ಮುಂದಿನ ವಾರದ ಸ್ಲೈಡ್ ಅದರ ಮೇಲೆ.

ತಪ್ಪು ಕಡಿಮೆಯಾದಂತೆ ಮೊದಲು ದನಿ ತೆಗೆಯಿರಿ, ಆಮೇಲೆ ಗಾತ್ರವನ್ನು 36ರಿಂದ 28ಕ್ಕೆ, 20ಕ್ಕೆ ಇಳಿಸಿ, ಕೊನೆಗೆ ಅದೇ ವಾಕ್ಯಗಳನ್ನು ಮುದ್ರಿಸಿ ಕೈಗೆ ಕೊಡಿ. ದನಿ, ಗಾತ್ರ ಎರಡನ್ನೂ ಒಂದೇ ದಿನ ಬದಲಿಸಿದರೆ ಮಗು ಎಲ್ಲಿ ಮುಗ್ಗರಿಸಿತು ಎಂದು ನಿಮಗೆ ಗೊತ್ತಾಗುವುದಿಲ್ಲ.