ಎಣ್ಣೆಗೆ ಹೆದರಿ ಸೊರಗಿದ ಕಥೆ

ಡಯಟೀಷಿಯನ್ ನನ್ನ ಕೈಗೆ ಹಿಡಿಕೆಯಿದ್ದ ಒಂದು ಉಪಕರಣ ಕೊಟ್ಟು, "ಎಷ್ಟಾಗುತ್ತೋ ಅಷ್ಟು ಗಟ್ಟಿಯಾಗಿ ಅದುಮಿ" ಅಂದರು. ಹಲ್ಲು ಕಚ್ಚಿ ಅದುಮಿದೆ. ಮುಳ್ಳು 18 ಕಿಲೋ ದಾಟಲಿಲ್ಲ. "ಇನ್ನೊಂದ್ಸಲ" ಅಂದರು. 17.

ನನಗೆ 44 ವರ್ಷ. ಗಂಡಸರಿಗೆ 27ಕ್ಕಿಂತ ಕಡಿಮೆ ಬಂದರೆ ಸ್ನಾಯುಗಳ ಬಲ ಕುಗ್ಗಿದೆ ಅಂತ ಲೆಕ್ಕವಂತೆ. ತಮಾಷೆ ಅಂದರೆ, ನನ್ನ ತೂಕ ಅಷ್ಟೇನೂ ಇಳಿದಿರಲಿಲ್ಲ. ಎತ್ತರಕ್ಕೆ ತಕ್ಕ ತೂಕದ ಪಟ್ಟಿಯಲ್ಲಿ 'ಸರಿ ಇದೆ' ಅನ್ನೋ ಸಾಲಲ್ಲೇ ಇದ್ದೆ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ, ನನಗೂ ಬಂದಿರಲಿಲ್ಲ. ಮಾಂಸಖಂಡ ಕರಗಿ ಕೊಬ್ಬು ಉಳಿದರೆ ತಕ್ಕಡಿಗೆ ಅದು ಗೊತ್ತಾಗಲ್ಲ, ಅಲ್ವಾ?

ನನಗಿರುವುದು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್. ಮೇದೋಜ್ಜೀರಕ ಗ್ರಂಥಿಗೆ ಮತ್ತೆ ಮತ್ತೆ ಉರಿಯೂತ ಬಂದು, ಕ್ರಮೇಣ ಅದು ಗಾಯ ಒಣಗಿದ ಕಲೆಯ ಹಾಗೆ ಗಟ್ಟಿಯಾಗುತ್ತಾ ಹೋಗುತ್ತೆ. ಮೊದಲ ಸಲ ಆಸ್ಪತ್ರೆ ಸೇರಿದಾಗ ಯಾರೋ ಹೇಳಿದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು: "ಎಣ್ಣೆ, ಕೊಬ್ಬು ಮುಟ್ಟಬೇಡಿ." ಅದನ್ನೇ ವ್ರತ ಹಿಡಿದೆ. ಎರಡು ವರ್ಷ ಬರೀ ಬೇಯಿಸಿದ್ದು. ಮೊಟ್ಟೆಯ ಹಳದಿ ತೆಗೆದು ಪಕ್ಕಕ್ಕಿಡುತ್ತಿದ್ದೆ. ಹಾಲು ಕೆನೆ ತೆಗೆದದ್ದು, ಅದಕ್ಕೂ ನೀರು. ಇಷ್ಟೆಲ್ಲ ಮಾಡಿದರೂ ಊಟವಾದ ಮೇಲೆ ಹೊಟ್ಟೆಯಿಂದ ಬೆನ್ನಿಗೆ ಇರಿಯುವ ನೋವು ಬರುತ್ತಿತ್ತು. ಆಮೇಲಾಮೇಲೆ ರಾತ್ರಿ ಊಟವನ್ನೇ ಬಿಟ್ಟೆ. "ಹಸಿವಿಲ್ಲ" ಅಂತ ಮನೆಯಲ್ಲಿ ಸುಳ್ಳು ಹೇಳುತ್ತಿದ್ದೆ. ಹಸಿವಿತ್ತು, ತಿನ್ನಲು ಭಯವಿತ್ತು.

ಇನ್ನೊಂದು ವಿಷಯ, ಹೇಳಿಕೊಳ್ಳಲು ನಾಚಿಕೆಯಾದರೂ ಇಲ್ಲಿ ಹೇಳಲೇಬೇಕು. ಮಲ. ತಿಳಿ ಬಣ್ಣ, ತಡೆಯಲಾಗದ ವಾಸನೆ, ಎರಡು ಸಲ ಫ್ಲಶ್ ಮಾಡಿದರೂ ಹೋಗದ ಜಿಡ್ಡು, ನೀರಿನ ಮೇಲೆ ಎಣ್ಣೆಯ ಪದರ. "ಹೊಟ್ಟೆ ಹೇಗಿದೆ?" ಅಂತ ಡಾಕ್ಟರ್ ಕೇಳಿದಾಗಲೆಲ್ಲ "ಪರವಾಗಿಲ್ಲ" ಅಂದು ಎದ್ದು ಬರುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಕೊಬ್ಬನ್ನು ಒಡೆಯಲು ಈ ಗ್ರಂಥಿ ಮಾಡುವ ಲೈಪೇಸ್ ಎಂಜೈಮ್ ಮಾಮೂಲಿಯ ಹತ್ತರಲ್ಲೊಂದು ಭಾಗಕ್ಕೆ ಇಳಿದ ಮೇಲೆಯೇ ಸಾಮಾನ್ಯವಾಗಿ ಮಲ ಹೀಗೆ ಜಿಡ್ಡಾಗುವುದು. ಅಂದರೆ ಕಣ್ಣಿಗೆ ಕಾಣುವ ಹೊತ್ತಿಗೆ ಗ್ರಂಥಿಯ ಕೆಲಸ ಬಹುಪಾಲು ನಿಂತಿರುತ್ತೆ. ಕೊನೆಗೂ ಮಲದಲ್ಲಿ ಇಲಾಸ್ಟೇಸ್ (ಇದೇ ಗ್ರಂಥಿಯ ಇನ್ನೊಂದು ಎಂಜೈಮ್) ಎಷ್ಟಿದೆ ಅನ್ನೋ ಪರೀಕ್ಷೆ ಆಯಿತು. 200ರ ಮೇಲಿರಬೇಕಾದದ್ದು 64 ಇತ್ತು.

ಸರಿ, ಕೊಬ್ಬು ಹೀರದಿದ್ದರೆ ಏನಾಯ್ತು, ಸಣ್ಣಗಾಗ್ತೀವಿ ಅಷ್ಟೇ ತಾನೇ ಅನ್ನಿಸಬಹುದು. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಗೇ ಒಳಗೆ ಹೋಗುವಂಥವು. ಮಬ್ಬು ಬೆಳಕಲ್ಲಿ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಕಾಣದೆ ಎರಡು ಸಲ ಮುಗ್ಗರಿಸಿದ್ದೆ. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡಿದ್ದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಎ ಕಡಿಮೆ, ಡಿ ಇನ್ನೂ ಕಡಿಮೆ. ಮೂಳೆಯ ಸ್ಕ್ಯಾನ್‌ನಲ್ಲಿ ಸವೆತ ಶುರುವಾಗಿತ್ತು. ಈ ಕಾಯಿಲೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇರುತ್ತಂತೆ. ಸಿಗರೇಟೂ ಅದಕ್ಕೆ ಕೈ ಜೋಡಿಸುತ್ತೆ. ಬಿಟ್ಟೆ, ಆ ಕಥೆ ಬೇರೆ.

ಎಂಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟರು. ಊಟಕ್ಕೆ 50,000 ಯೂನಿಟ್, ನಡುವಿನ ತಿಂಡಿಗೆ 25,000. ಇದು ನನಗೆ ಕೊಟ್ಟ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಒಂದು ತಿಂಗಳು ನುಂಗಿದೆ, ಏನೂ ಸುಧಾರಿಸಲಿಲ್ಲ. "ಯಾವಾಗ ತಗೊಳ್ತೀರಿ?" ಅಂತ ಡಯಟೀಷಿಯನ್ ಕೇಳಿದರು. "ಊಟಕ್ಕೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೇಲಿ" ಅಂದೆ, ಬಹಳ ಶಿಸ್ತಿನವನ ಹಾಗೆ. ಅವರು ನಕ್ಕರು. ಅದು ಊಟದ ಜೊತೆಗೇ ಕರುಳಿಗೆ ಇಳಿಯಬೇಕು, ತುತ್ತಿಗೆ ಬೆರೆತರೆ ಮಾತ್ರ ಕೆಲಸ. ಈಗ ಮೊದಲ ತುತ್ತಿಗೆ ಒಂದು, ಅರ್ಧ ಊಟಕ್ಕೆ ಇನ್ನೊಂದು. ಅಗಿಯಬಾರದು, ಬಿಸಿ ಪಾನೀಯದ ಜೊತೆ ನುಂಗಬಾರದು. ಸಂಜೆಯ ಒಂದು ಲೋಟ ಹಾಲಿಗೂ ಬೇಕು. ನಾನು ಹೆಚ್ಚು ಮರೆಯೋದು ಅದನ್ನೇ.

ಆಮೇಲೆ ಬಂತು ದೊಡ್ಡ ಆಘಾತ: "ಎಣ್ಣೆ ಶುರು ಮಾಡಿ." ಕ್ಯಾಪ್ಸೂಲ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಸುಮ್ನೆ ಕೊಬ್ಬು ಕಡಿಮೆ ಮಾಡುವ ಅಗತ್ಯವಿಲ್ಲ ಅನ್ನೋದು ಈಗಿನ ಸಲಹೆ. ದಿನದ ಶಕ್ತಿಯ ಮೂರನೇ ಒಂದು ಭಾಗದಷ್ಟು ಕೊಬ್ಬಿನಿಂದ ಬಂದರೂ ಹೆಚ್ಚಿನವರಿಗೆ ಒಗ್ಗುತ್ತೆ. ಬದಲಿಗೆ ನಾನು ಆರೋಗ್ಯ ಅಂತ ರಾಶಿ ರಾಶಿ ತಿನ್ನುತ್ತಿದ್ದ ತೌಡು, ನಾರಿನ ಪದಾರ್ಥಗಳನ್ನೇ ಇಳಿಸಲು ಹೇಳಿದರು. ನಾರು ಅತಿಯಾದರೆ ಎಂಜೈಮ್ ಕೆಲಸಕ್ಕೆ ಅಡ್ಡಿ, ಹೊಟ್ಟೆಯೂ ಬೇಗ ತುಂಬುತ್ತೆ. ಪ್ರೋಟೀನ್ ಜಾಸ್ತಿ, ದಿನಕ್ಕೆ ಐದಾರು ಸಣ್ಣ ಊಟ.

ಮೊಟ್ಟೆಯ ಮೊದಲ ಹಳದಿ ತಿಂದ ಬೆಳಗ್ಗೆ ನೆನಪಿದೆ. ಚಮಚದ ತುದಿಯಲ್ಲಿ ಒಂದಿಷ್ಟೇ ತೆಗೆದೆ. ತಟ್ಟೆ ಖಾಲಿಯಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಆಮೇಲೆ ಮಧ್ಯಾಹ್ನದವರೆಗೆ ನೋವು ಬರುತ್ತೇನೋ ಅಂತ ಕಾಯುತ್ತಾ ಕೂತೆ. ಬರಲಿಲ್ಲ. ಮೂರನೇ ದಿನ ಬಂತು, ನಿಜ. ಆದರೆ ಅವತ್ತು ನಾನು ಹಳದಿ ತಿಂದೇ ಇರಲಿಲ್ಲ.

ಊಟ ಮೈಗೆ ಹತ್ತತೊಡಗಿದ ಮೇಲೆ ಸಕ್ಕರೆ ಏರಿತು. ಇದೇ ಗ್ರಂಥಿ ಇನ್ಸುಲಿನ್ನನ್ನೂ ಮಾಡಬೇಕಲ್ಲ. ಕುಸಿದ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಕೂಡ ಇಲ್ಲಿಂದಲೇ ಬರಬೇಕು, ಹಾಗಾಗಿ ನನ್ನಂಥವರಿಗೆ ಇನ್ಸುಲಿನ್ ಶುರುವಾದ ಮೇಲೆ ಊಟ ತಪ್ಪಿಸುವುದು ಅಪಾಯ. "ಹಸಿವಿಲ್ಲ" ಅನ್ನೋ ನೆಪ ಈಗ ನಡೆಯಲ್ಲ.

ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ ನೀರು ತುಂಬಿದ ಬಾಟಲಿಗಳನ್ನು ಎತ್ತಿಳಿಸುತ್ತೇನೆ. ಹೋದ ವಾರ ಮುಳ್ಳು 23ಕ್ಕೆ ನಿಂತಿತು. ವಿಟಮಿನ್ ಎ ಮತ್ತೆ ನೋಡಿಸಬೇಕು. ಅಲ್ಲಿಯವರೆಗೆ ರಾತ್ರಿ ಮೆಟ್ಟಿಲಿನ ದೀಪ ಆರಿಸಬೇಡಿ ಅಂತ ಮನೆಯಲ್ಲಿ ಹೇಳಿಟ್ಟಿದ್ದೇನೆ.