ವೆನಿಸ್‌ನಲ್ಲಿ ನಿಂತು ಕುಡಿಯಿರಿ, ವಿಯೆನ್ನಾದಲ್ಲಿ ಕೂತು ಕುಡಿಯಿರಿ

ಬೆಳಿಗ್ಗೆ ಆರಕ್ಕೆ ಫಿಲ್ಟರ್ ಕಾಫಿ ಆಗದಿದ್ದರೆ ಅಮ್ಮನಿಗೆ ತಲೆನೋವು. ಅಂಥವರನ್ನು ಕರೆದುಕೊಂಡು ಇಟಲಿಯ ವೆನಿಸ್, ಪಾದುವಾ, ಟ್ರಿಯೆಸ್ಟೆ, ಆಸ್ಟ್ರಿಯದ ವಿಯೆನ್ನಾ ಅಂತ ಒಂಬತ್ತು ದಿನ ರೈಲಿನಲ್ಲಿ ಸುತ್ತಿದೆ. ಅದೇ ದಾರಿಯಲ್ಲಿ ಹೊರಟವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇಟಲಿಯಲ್ಲಿ ಕಾಫಿ ಸಿಗುವ ಅಂಗಡಿಗೆ ‘ಬಾರ್’ ಅಂತಲೇ ಹೆಸರು. ಮೊದಲ ದಿನ ಬೋರ್ಡ್ ನೋಡಿ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟರು. “ಬಾರ್ ಕಣೇ ಇದು, ನಾನು ಬರಲ್ಲ!” ಹೇಗೋ ಒಪ್ಪಿಸಿ ಒಳಗೆ ಕರೆದುಕೊಂಡು ಹೋಗಿ, ಬೆಂಗಳೂರಿನ ಅಭ್ಯಾಸದಲ್ಲಿ ‘ಲಾತ್ತೆ’ ಅಂದೆ. ಉದ್ದ ಲೋಟದಲ್ಲಿ ತಣ್ಣನೆ ಹಾಲು ಬಂತು. ಆ ಭಾಷೆಯಲ್ಲಿ ಲಾತ್ತೆ ಅಂದರೆ ಬರೀ ಹಾಲು! ಅಮ್ಮ ಕುಡಿದು “ಹಾಲು ಚೆನ್ನಾಗಿದೆ, ಕಾಫಿ ಎಲ್ಲಿ?” ಅಂದರು. ‘ಕಫೆ’ ಅಂತಷ್ಟೇ ಕೇಳಿದರೆ ಎಸ್ಪ್ರೆಸ್ಸೊ ಕೊಡುತ್ತಾರೆ, ತೀರ್ಥದಷ್ಟು. ನಮ್ಮ ನಾಲಿಗೆಗೆ ಕಪುಚಿನೊ ಹತ್ತಿರ. ಆದರೆ ಅದು ಉಗುರುಬೆಚ್ಚಗಿರುತ್ತದೆ. ‘ಬೆನ್ ಕಾಲ್ದೊ’ ಅಂತ ಸೇರಿಸಿ, ಬಿಸಿಬಿಸಿ ಬರುತ್ತದೆ. ಹನ್ನೊಂದು ಗಂಟೆಯ ಮೇಲೆ ಅಲ್ಲಿನವರು ಕಪುಚಿನೊ ಕುಡಿಯುವುದು ಕಡಿಮೆ. ನೀವು ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ.

ಮುಖ್ಯ ವಿಷಯ ದುಡ್ಡಿನದು. ನಿಂತು ಕುಡಿಯುವುದಕ್ಕೆ ಒಂದು ರೇಟು, ಕೂತರೆ ಇನ್ನೊಂದು. ವೆನಿಸ್‌ನ ಒಂದು ಸೇತುವೆಯ ಪಕ್ಕ ಕಾಲುನೋವು ಅಂತ ಸುಮ್ನೆ ಕುರ್ಚಿ ಎಳೆದುಕೊಂಡು ಕೂತೆವು. ಕೌಂಟರಿನಲ್ಲಿ ಒಂದೂಕಾಲು ಯೂರೋ ಇದ್ದ ಎಸ್ಪ್ರೆಸ್ಸೊಗೆ ಐದು ಯೂರೋ ಬಿಲ್ ಬಂತು. ಜಗಳ ಆಡುವ ಹಾಗಿಲ್ಲ, ಎರಡೂ ರೇಟು ಗೋಡೆ ಮೇಲೆ ಹಾಕಿದ್ದರು. ನಾವು ನೋಡಿರಲಿಲ್ಲ, ಅಷ್ಟೇ. ಅಲ್ಲಿಂದ ಮುಂದೆ ದರ್ಶಿನಿ ಪದ್ಧತಿ: ಕ್ಯಾಷಿಯರ್ ಹತ್ತಿರ ದುಡ್ಡು ಕೊಟ್ಟು, ಚೀಟಿ ತಂದು, ಕೌಂಟರಿನಲ್ಲಿ ತೋರಿಸಿ, ನಿಂತೇ ಕುಡಿಯುವುದು. ಆ ಊರಲ್ಲಿ ಶೌಚಾಲಯಕ್ಕೂ ದುಡ್ಡು ಕೊಡಬೇಕು. ಅದರ ಬದಲು ಒಂದು ಕಾಫಿ ಕುಡಿದು ಬಾರಿನದ್ದೇ ಬಳಸಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಇದು ಗೊತ್ತಿರಲೇಬೇಕು, ಅಲ್ವಾ?

ಸಂತ ಮಾರ್ಕನ ಚೌಕದಲ್ಲಿ 1720ರಿಂದ ನಡೆಯುತ್ತಿರುವ ಫ್ಲೋರಿಯನ್ ಕಫೆ ಇದೆ. ಹೊರಗೆ ಕೂತಾಗ ವಾದ್ಯಗೋಷ್ಠಿ ನಡೆಯುತ್ತಿದ್ದರೆ ತಲೆಗೆ ಇಷ್ಟು ಅಂತ ಸಂಗೀತದ ದುಡ್ಡೂ ಸೇರುತ್ತದೆ. ನಾವು ಹೊರಗೆ ನಿಂತು ಕೇಳಿ ಬಂದೆವು.

ಕೂರಲೇಬೇಕು ಅಂದರೆ ಪಾದುವಾಗೆ ಹೋಗಿ. ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಅಲ್ಲಿನ ಪೆದ್ರೋಕಿ ಕಫೆ 1831ರದ್ದು. 1916ರ ತನಕ ಹಗಲೂ ರಾತ್ರಿ ತೆರೆದೇ ಇರುತ್ತಿತ್ತಂತೆ, ಹಾಗಾಗಿ ‘ಬಾಗಿಲಿಲ್ಲದ ಕಾಫಿ ಮನೆ’ ಅಂತ ಹೆಸರು. ಹಸಿರು ಕೋಣೆಯಲ್ಲಿ ಏನೂ ತೆಗೆದುಕೊಳ್ಳದೆ ಕೂರಬಹುದು ಅನ್ನುವುದು ಹಳೆಯ ರೂಢಿ. ಬಿಳಿ ಕೋಣೆಯ ಗೋಡೆಯಲ್ಲಿ ಗುಂಡಿನ ತೂತಿದೆ. 1848ರ ಫೆಬ್ರವರಿ 8ರಂದು ವಿದ್ಯಾರ್ಥಿಗಳು ಆಸ್ಟ್ರಿಯದ ಸೈನಿಕರ ವಿರುದ್ಧ ತಿರುಗಿಬಿದ್ದ ದಿನದ ಗುರುತು ಅದು. ಅಲ್ಲಿಯ ವಿಶೇಷ ಪುದೀನ ಕೆನೆ ಹಾಕಿದ ಕಾಫಿ, ಮೇಲೆ ಕೋಕೋ ಪುಡಿ. ಕಲಕಬಾರದು. ತಣ್ಣನೆ ಹಸಿರು ಕೆನೆಯ ಅಡಿಯಿಂದ ಬಿಸಿ ಕಹಿ ಕಾಫಿ ಬಾಯಿಗೆ ಬರಬೇಕು. ಅಮ್ಮ ಚಮಚ ಹಿಡಿದು ಚೆನ್ನಾಗಿ ತಿರುವಿದರು. ನನಗೆ ಬಹಳ ಹಿಡಿಸಿತು, ಅವರಿಗೆ ಕಷಾಯ ಅನ್ನಿಸಿತು.

ಟ್ರಿಯೆಸ್ಟೆಯಲ್ಲಿ ಕಾಫಿಯ ಹೆಸರುಗಳೇ ಬೇರೆ. ಎಸ್ಪ್ರೆಸ್ಸೊಗೆ ‘ನೇರೊ’, ಅದಕ್ಕೆ ಒಂದಿಷ್ಟು ಹಾಲು ಬಿದ್ದರೆ ‘ಕಾಪೊ’. ಅದನ್ನೇ ಗಾಜಿನ ಪುಟ್ಟ ಲೋಟದಲ್ಲಿ ಬೇಕೆಂದರೆ ‘ಕಾಪೊ ಇನ್ ಬಿ’. ಅಮ್ಮನ ಮುಖ ಅರಳಿದ್ದು ಇದಕ್ಕೇ. ಹಳೆಯ ಕಾಫಿ ಬಂದರು ಇದು. ನಮ್ಮ ದೇಶದ ಕಾಫಿಯನ್ನು ಜಾಸ್ತಿ ಕೊಳ್ಳುವವರಲ್ಲಿ ಇಟಲಿಯವರು ಮುಂದಿದ್ದಾರೆ, ಅವರ ಎಸ್ಪ್ರೆಸ್ಸೊ ಮಿಶ್ರಣಗಳಿಗೆ ನಮ್ಮ ಕಡೆಯ ರೋಬಸ್ಟಾ ಹೋಗುತ್ತದೆ ಅಂತ ಹೇಳಿದೆ. “ಅದಕ್ಕೇ ಗಂಟಲಲ್ಲಿ ಇಳಿತಾ ಇದೆ” ಅಂದರು. 1914ರ ಸಾನ್ ಮಾರ್ಕೊ ಕಫೆಯಲ್ಲಿ ಪುಸ್ತಕದ ಅಂಗಡಿಯೂ ಇದೆ. ಮಳೆ ಹಿಡಿದರೆ ಅಲ್ಲೇ ಇದ್ದುಬಿಡಿ.

ವಿಯೆನ್ನಾದಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಕೂತೇ ಕುಡಿಯುವುದು, ಒಂದು ಕಪ್ಪಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ‘ಮೆಲಾಂಜ್’ ಕೇಳಿ, ಹಾಲು ನೊರೆಯ ಕಾಫಿ. ಪುಟ್ಟ ತಟ್ಟೆಯಲ್ಲಿ ಜೊತೆಗೆ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಚಮಚ. 1876ರ ಸೆಂಟ್ರಲ್ ಕಫೆಯ ಮುಂದೆ ಸಾಲು ಉದ್ದ. ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಚೆಸ್ ಆಡುತ್ತಿದ್ದ ಜಾಗ ನೋಡಲೇಬೇಕು ಅಂತಿದ್ದರೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ನನ್ನನ್ನು ಕೇಳಿದರೆ 1880ರ ಸ್ಪೆರ್ಲ್ ಕಫೆ ವಾಸಿ. ಬಿಲ್ ಒಂಬತ್ತು ಚಿಲ್ಲರೆ ಆದರೆ ನೋಟು ಕೊಡುವಾಗಲೇ ‘ಹತ್ತು’ ಅಂತ ಹೇಳಬೇಕು. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವ ರೂಢಿ ಅಲ್ಲಿಲ್ಲ.

ಮೊಟ್ಟೆ ತಿನ್ನದವರು ಕೇಕ್ ಆಸೆ ಬಿಡಬೇಕು, ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಅಮ್ಮ ಕೈಚೀಲದಲ್ಲಿ ಕೋಡುಬಳೆ ಇಟ್ಟಿದ್ದರು. ಸ್ಪೆರ್ಲ್‌ನ ಕೆಂಪು ಸೋಫಾದಲ್ಲಿ ಕೂತು, ವೇಟರ್ ಆ ಕಡೆ ತಿರುಗಿದಾಗೆಲ್ಲ ಒಂದೊಂದು ಮುರಿದು ಬಾಯಿಗೆ ಹಾಕಿಕೊಂಡರು.